ಮಕ್ಕಳು ನುಂಗುವ ಲೋಹದ ಚೂರು: ಸೀಸದ ವಿಷ ಮತ್ತು ಅದರ ಚಿಕಿತ್ಸೆ

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಗೊಬ್ಬರದ ದಾಸ್ತಾನು, ಮಾರುಕಟ್ಟೆಯ ಧಾರಣೆ ಇವುಗಳ ವಿಚಾರವೇ ಬರುತ್ತದೆ. ಈ ಸಂಚಿಕೆಯಲ್ಲಿ ಸ್ವಲ್ಪ ಬೇರೆಯಾದ ವಿಷಯವೊಂದನ್ನು ಸದಸ್ಯರ ಮುಂದಿಡುತ್ತಿದ್ದೇವೆ. ವಿಷಯ ಬೇರೆಯಾದರೂ ಅದು ನಮ್ಮ ಮನೆಯ ಜಗಲಿ, ಉಗ್ರಾಣ, ಕೊಟ್ಟಿಗೆಗಳಿಗೆ ಸಂಬಂಧಪಟ್ಟದ್ದೇ ಆಗಿದೆ.

ಸಣ್ಣ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ಎಲ್ಲ ಮನೆಗಳಲ್ಲೂ ಇರುವುದೇ. ನಾಣ್ಯ, ಗುಂಡಿ, ಉಂಗುರ ಇಂಥವನ್ನು ನುಂಗಿದಾಗ, "ಎರಡು ಬಾಳೆಹಣ್ಣು ತಿನ್ನಿಸಿ, ನಾಳೆ ತಾನಾಗಿಯೇ ಹೊರಗೆ ಹೋಗುತ್ತದೆ" ಎಂದು ಹಿರಿಯರು ಧೈರ್ಯ ಹೇಳುತ್ತಾರೆ. ಬಹಳಷ್ಟು ಸಲ ಹಾಗೆಯೇ ಆಗುವುದೂ ಉಂಟು. ಆದರೆ ನುಂಗಿದ ವಸ್ತು ಸೀಸದ್ದಾಗಿದ್ದರೆ ಈ ಮಾತು ಸಲ್ಲದು. ಸೀಸ ಹೊಟ್ಟೆಯಲ್ಲಿ ಸುಮ್ಮನೆ ಕುಳಿತಿರುವುದಿಲ್ಲ, ಕರಗುತ್ತದೆ. ಹಾಗೆ ಕರಗಿದ ಸೀಸ ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟುತ್ತದೆ. ಆದುದರಿಂದ ಸೀಸ ನುಂಗಿದ ಮಗುವಿನ ವಿಷಯದಲ್ಲಿ ಕಾಯುವುದಲ್ಲ, ಆ ಚೂರನ್ನು ಬೇಗನೆ ಹೊರಗೆ ತೆಗೆಸುವುದೇ ಮೊದಲ ಚಿಕಿತ್ಸೆ. ಈ ಒಂದು ಮಾತನ್ನು ಕಾರಣಸಹಿತ ವಿವರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಎರಡು ಪ್ರಕರಣಗಳು

ಈ ವಿಷಯದಲ್ಲಿ ವೈದ್ಯರು ಬಹಳವಾಗಿ ಉದಾಹರಿಸುವ ಎರಡು ಪ್ರಕರಣಗಳು ಅಮೆರಿಕದವು. ಮುಂದಿನ ಅಂಕಿಗಳು ಅರ್ಥವಾಗಲು ಒಂದು ವಿವರ ಮೊದಲೇ ಹೇಳುವುದು ಒಳ್ಳೆಯದು. ರಕ್ತದಲ್ಲಿ ಸೀಸ ಎಷ್ಟಿದೆ ಎಂಬುದನ್ನು 100 ಮಿಲಿಲೀಟರ್ ರಕ್ತಕ್ಕೆ ಇಷ್ಟು ಮೈಕ್ರೋಗ್ರಾಂ ಎಂದು ಅಳೆಯುತ್ತಾರೆ. ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಗ್ರಾಂ. ಈ ಲೇಖನದಲ್ಲಿ ರಕ್ತದ ಸೀಸದ ಅಂಕಿ ಬಂದಲ್ಲೆಲ್ಲಾ ಇದೇ ಅಳತೆ ಎಂದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಈ ಅಂಕಿ 5 ಅಥವಾ ಅದಕ್ಕಿಂತ ಹೆಚ್ಚಾದರೆ ಸೀಸ ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸಬೇಕು. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟ ಸೀಸಕ್ಕೆ ಇಲ್ಲವೆಂದೂ ಆ ಸಂಸ್ಥೆ ಹೇಳುತ್ತದೆ.

ಮೊದಲನೆಯ ಪ್ರಕರಣ 2003ರಲ್ಲಿ ಆರೆಗಾನ್ ರಾಜ್ಯದಲ್ಲಿ ನಡೆದದ್ದು. ನಾಣ್ಯ ಹಾಕಿದರೆ ಆಟಿಕೆ ಬೀಳುವ ಯಂತ್ರದಿಂದ ಕೊಂಡ ಅಗ್ಗದ ಸರವೊಂದರ ಪದಕವನ್ನು 4 ವರ್ಷದ ಹುಡುಗನೊಬ್ಬ ನುಂಗಿದ್ದ. ಹೊಟ್ಟೆನೋವೆಂದು ಎಕ್ಸ್‌ರೇ ತೆಗೆದಾಗ ಜಠರದಲ್ಲಿ ಲೋಹದ ವಸ್ತು ಕಾಣಿಸಿತು. ಅದನ್ನು ಎಂಡೋಸ್ಕೋಪಿ ಮೂಲಕ ತೆಗೆದರು. ರಕ್ತದಲ್ಲಿ ಸೀಸ 123 ಇತ್ತು. ಪದಕವನ್ನು ಪರೀಕ್ಷಿಸಿದಾಗ ಅದರಲ್ಲಿ ಶೇಕಡ 38.8ರಷ್ಟು ಸೀಸವಿರುವುದು ತಿಳಿಯಿತು. ಔಷಧ ಕೊಟ್ಟ ಮೇಲೆ ರಕ್ತದ ಸೀಸ ಇಳಿಯಿತು, ಹುಡುಗ ಬದುಕಿದ. ಮರುವರ್ಷ, ಅಂದರೆ 2004ರ ಜುಲೈನಲ್ಲಿ, ಇಂಥ ಯಂತ್ರಗಳಲ್ಲಿ ಮಾರುತ್ತಿದ್ದ ಸುಮಾರು 15 ಕೋಟಿ ಲೋಹದ ಆಟಿಕೆ ಒಡವೆಗಳನ್ನು ಆ ದೇಶದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು.

ಎರಡನೆಯದು 2006ರ ಫೆಬ್ರವರಿಯಲ್ಲಿ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ನಡೆದದ್ದು. ಇಲ್ಲಿಯೂ 4 ವರ್ಷದ ಹುಡುಗನೇ. ವಾಂತಿಯೆಂದು ಆಸ್ಪತ್ರೆಗೆ ತಂದಾಗ ವೈರಸ್‌ನಿಂದಾದ ಹೊಟ್ಟೆಯ ಕಾಯಿಲೆಯಿರಬಹುದೆಂದು ಮನೆಗೆ ಕಳುಹಿಸಿದರು. ಎರಡು ದಿನಗಳ ನಂತರ ವಾಂತಿ, ಹೊಟ್ಟೆನೋವು, ಮಂಕುತನದೊಂದಿಗೆ ಮತ್ತೆ ಕರೆತಂದರು. ದಾಖಲಾದ ಕೆಲವೇ ಗಂಟೆಗಳಲ್ಲಿ ಹುಡುಗ ರೇಗಾಡತೊಡಗಿದ, ಸೆಳವು ಬಂದಂತಾಯಿತು, ಉಸಿರು ನಿಂತಿತು. ಮಿದುಳು ಬಾತುಕೊಂಡಿತ್ತು. ಎಕ್ಸ್‌ರೇಯಲ್ಲಿ ಜಠರದೊಳಗೆ ಹೃದಯದ ಆಕಾರದ ವಸ್ತುವೊಂದು ಕಾಣಿಸಿತು. ರಕ್ತದ ಸೀಸ 180. ಹುಡುಗ ಉಳಿಯಲಿಲ್ಲ. ಅವನು ನುಂಗಿದ್ದು ಬೂಟು ಕೊಂಡವರಿಗೆ ಉಚಿತವಾಗಿ ಕೊಡುತ್ತಿದ್ದ ಕೈಸರಪಣಿಯ ಒಂದು ಪುಟ್ಟ ಪದಕ. ಅದರಲ್ಲಿ ಶೇಕಡ 99.1 ಸೀಸವೇ ಇತ್ತು. ಅಂಥ ಸುಮಾರು 3 ಲಕ್ಷ ಕೈಸರಪಣಿಗಳನ್ನು ಅದೇ ವರ್ಷ ಮಾರ್ಚ್‌ನಲ್ಲಿ ಹಿಂದಕ್ಕೆ ಪಡೆದರು.

180 ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಆ ವಯಸ್ಸಿನ ಮಗುವಿನ ತೂಕ ಸುಮಾರು 16 ಕಿಲೋ, ಮೈಯಲ್ಲಿರುವ ರಕ್ತ ಸರಿಸುಮಾರು 1,200 ಮಿಲಿಲೀಟರ್. ಆ ಲೆಕ್ಕದಲ್ಲಿ ರಕ್ತದಲ್ಲಿದ್ದ ಒಟ್ಟು ಸೀಸ ಸುಮಾರು 2 ಮಿಲಿಗ್ರಾಂ. ಒಂದೇ ಒಂದು ರಾಗಿಕಾಳಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಮೂಳೆ ಮತ್ತಿತರ ಅಂಗಗಳಲ್ಲಿ ಸೇರಿದ್ದು ಬೇರೆ. ಆದರೂ ಎಷ್ಟು ಅಲ್ಪ ಪ್ರಮಾಣದ ಸೀಸ ಎಂಥ ಅನಾಹುತ ಮಾಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಿನಿಯಾಪೊಲಿಸ್‌ನ ಮಗು ಪದಕ ನುಂಗಿದ್ದನ್ನು ಮನೆಯವರು ಯಾರೂ ನೋಡಿರಲಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ವಾಂತಿ, ಹೊಟ್ಟೆನೋವು ನೂರು ಕಾರಣಗಳಿಂದ ಬರುತ್ತದೆ. ಲೋಹದ ಸುಳಿವು ಕೊಡುವವರಿಲ್ಲದಿದ್ದರೆ ವೈದ್ಯರ ಯೋಚನೆ ಅತ್ತ ಹೋಗುವುದು ಕಷ್ಟ.

ಹೊಟ್ಟೆಯೊಳಗೆ ಸೀಸ ಕರಗುವುದು ಹೇಗೆ?

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುವುದು ನಮ್ಮ ಗೃಹಿಣಿಯರಿಗೆಲ್ಲ ಗೊತ್ತು. ಹುಳಿ ಲೋಹವನ್ನು ತಿನ್ನುತ್ತದೆ. ನಮ್ಮ ಜಠರದಲ್ಲಿರುವುದು ಹುಣಿಸೆಹುಳಿಗಿಂತ ಎಷ್ಟೋ ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲ. ಸೀಸದ ಚೂರು ಜಠರದಲ್ಲಿ ನಿಂತಷ್ಟು ಹೊತ್ತೂ ಈ ಆಮ್ಲ ಅದರ ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತಿರುತ್ತದೆ. ಕರುಳಿಗೆ ಇಳಿದ ಮೇಲೆ ಆಮ್ಲದ ಕಾಟ ಕಡಿಮೆಯಾಗುವುದರಿಂದ ಕರಗುವಿಕೆಯೂ ಕಡಿಮೆಯಾಗುತ್ತದೆ. ಆದ್ದರಿಂದ ಜಠರದಲ್ಲಿ ಸಿಕ್ಕಿಕೊಂಡ ಸೀಸವೇ ಹೆಚ್ಚಿನ ಅಪಾಯದ್ದು.

ಚೂರಿನ ಗಾತ್ರವೂ ಮುಖ್ಯ. ಇಡೀ ಕಾಫಿ ಬೀಜವನ್ನು ಬಿಸಿನೀರಿಗೆ ಹಾಕಿದರೆ ಡಿಕಾಕ್ಷನ್ ಇಳಿಯಲು ಎಷ್ಟು ಹೊತ್ತು ಬೇಕು, ಪುಡಿ ಮಾಡಿ ಹಾಕಿದರೆ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಬೆಳೆಗಾರರಿಗೆ ಬೇರೆ ಹೇಳಬೇಕಾಗಿಲ್ಲ. ಅದೇ ರೀತಿ ಒಂದು ದೊಡ್ಡ ತುಂಡಿಗಿಂತ ಅಷ್ಟೇ ತೂಕದ ಹತ್ತಿಪ್ಪತ್ತು ಸಣ್ಣ ಗುಂಡುಗಳು ಬೇಗ ಕರಗುತ್ತವೆ. ಕಾಳಿನಷ್ಟೇ ಇದೆಯಲ್ಲ ಎಂದು ಅಸಡ್ಡೆ ಮಾಡುವಂತಿಲ್ಲ.

ಕರಗಿದ ಸೀಸವನ್ನು ವಯಸ್ಕರ ಕರುಳು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಹೀರಿಕೊಂಡರೆ, ಸಣ್ಣ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಕಬ್ಬಿಣ ಮತ್ತು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆಯಿರುವ ಮಕ್ಕಳಲ್ಲಿ ಇನ್ನೂ ಹೆಚ್ಚು. ರಕ್ತಹೀನತೆಯ ಮಕ್ಕಳಿಗೇ ಮಣ್ಣು, ಸುಣ್ಣ ಮೊದಲಾದವನ್ನು ಬಾಯಿಗೆ ಹಾಕುವ ಚಟವೂ ಹೆಚ್ಚು. ಹೀಗಾಗಿ ಬಡ ಮನೆಯ ಮಗುವಿಗೆ ಎರಡೂ ಕಡೆಯಿಂದ ಪೆಟ್ಟು.

ದೇಹ ಸೀಸವನ್ನು ಸುಣ್ಣವೆಂದು ತಪ್ಪಾಗಿ ತಿಳಿಯುತ್ತದೆ. ಸುಣ್ಣ ಹೋಗಬೇಕಾದ ಮೂಳೆಗೆ ಅದನ್ನು ಸಾಗಿಸಿ ಶೇಖರಿಸುತ್ತದೆ. ನರಗಳಲ್ಲಿ ಸುಣ್ಣ ಮಾಡಬೇಕಾದ ಕೆಲಸಕ್ಕೆ ಸೀಸ ಅಡ್ಡಬರುತ್ತದೆ. ರಕ್ತದ ಕೆಂಪು ಅಂಶ ತಯಾರಾಗುವುದನ್ನು ತಡೆಯುತ್ತದೆ. ರಕ್ತದಲ್ಲಿನ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ಮೂಳೆಯಲ್ಲಿ ಸೇರಿದ್ದು ಹತ್ತಾರು ವರ್ಷ ಅಲ್ಲಿಯೇ ಇದ್ದು, ಹೆಣ್ಣುಮಕ್ಕಳಲ್ಲಿ ಮುಂದೆ ಗರ್ಭಿಣಿಯಾದಾಗ ಹೊರಬಂದು ಹೊಟ್ಟೆಯಲ್ಲಿರುವ ಕೂಸಿಗೂ ತಲುಪಬಲ್ಲದು.

ಇಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ಕಾಲಿನಲ್ಲಿ ಕೋವಿಯ ಗುಂಡಿನ ಚೂರು ಇಟ್ಟುಕೊಂಡೇ ಮೂವತ್ತು ನಲವತ್ತು ವರ್ಷ ಬದುಕಿದವರು ನಮ್ಮ ಸೀಮೆಯಲ್ಲಿ ಇದ್ದಾರಲ್ಲ, ಅವರಿಗೇಕೆ ಏನೂ ಆಗಲಿಲ್ಲ ಎಂದು. ಮಾಂಸದೊಳಗೆ ಹೊಕ್ಕ ಚೂರಿನ ಸುತ್ತ ದೇಹ ಒಂದು ಗಟ್ಟಿ ಪೊರೆಯನ್ನು ಕಟ್ಟಿ ಅದನ್ನು ಬೇರ್ಪಡಿಸಿಬಿಡುತ್ತದೆ. ಅಲ್ಲಿ ಕರಗಿಸುವ ಆಮ್ಲವಿಲ್ಲ. ಕೀಲಿನ ಸಂದಿಯಲ್ಲಿ ಸಿಕ್ಕಿಕೊಂಡ ಗುಂಡು ಮಾತ್ರ ಅಲ್ಲಿನ ದ್ರವದಲ್ಲಿ ಕರಗಿ ವಿಷವಾಗಬಲ್ಲದು. ಮಾಂಸದಲ್ಲಿದ್ದ ಗುಂಡನ್ನು ನೋಡಿ ಹೊಟ್ಟೆಯಲ್ಲಿರುವ ಗುಂಡನ್ನು ಅಳೆಯಬಾರದು.

ನಮ್ಮ ಮನೆಗಳಲ್ಲಿ ಸೀಸ ಎಲ್ಲೆಲ್ಲಿದೆ?

ಆಟಿಕೆಯ ಯಂತ್ರ ನಮ್ಮ ಹಳ್ಳಿಗಳಲ್ಲಿ ಇಲ್ಲದಿರಬಹುದು. ಆದರೆ ತೋಟದ ಮನೆಯಲ್ಲಿ ಸೀಸಕ್ಕೆ ಬರವಿಲ್ಲ. ಬೀಸುಬಲೆಯ ಅಂಚಿಗೆ ಕಟ್ಟುವ ಮಣಿಗಳು ಮತ್ತು ಗಾಳದ ದಾರಕ್ಕೆ ಕಟ್ಟುವ ಗುಂಡುಗಳು ಸಾಮಾನ್ಯವಾಗಿ ಸೀಸದವು. ಮಂಗ ಓಡಿಸಲು ಇಟ್ಟುಕೊಂಡ ಏರ್‌ಗನ್ನಿನ ಗುಂಡುಗಳು, ಪರವಾನಗಿ ಕೋವಿಯ ತೋಟೆಯೊಳಗಿನ ಸಣ್ಣ ಗುಂಡುಗಳು ಸಹ ಹಾಗೆಯೇ. ಕೊಡಗಿನಲ್ಲಂತೂ ಕೋವಿಯಿಲ್ಲದ ಮನೆ ವಿರಳ. ಕಾರು, ಜೀಪುಗಳ ಚಕ್ರದ ಅಂಚಿಗೆ ಸಮತೋಲನಕ್ಕಾಗಿ ಸಿಕ್ಕಿಸುವ ಬಿಲ್ಲೆಗಳು, ರೇಡಿಯೋ ಮತ್ತು ಪಂಪ್‌ಸೆಟ್ಟಿನ ಸ್ವಿಚ್‌ಬೋರ್ಡ್ ರಿಪೇರಿಯ ಬೆಸುಗೆ ತಂತಿ, ಜಾತ್ರೆಯಲ್ಲಿ ಕೊಂಡ ಅಗ್ಗದ ಸರ ಪದಕ ಇವುಗಳಲ್ಲೂ ಸೀಸವಿರಬಹುದು.

ಎಲ್ಲಕ್ಕಿಂತ ಹೆಚ್ಚು ಸೀಸವಿರುವುದು ಟ್ರಾಕ್ಟರ್, ಜೀಪು, ಇನ್ವರ್ಟರ್ ಮತ್ತು ಸೌರಬೇಲಿಯ ಆಮ್ಲ ತುಂಬಿದ ಬ್ಯಾಟರಿಗಳಲ್ಲಿ. ಕೆಟ್ಟ ಬ್ಯಾಟರಿಯನ್ನು ಒಡೆದು ಸೀಸದ ಫಲಕ ತೆಗೆದು ಮಾರುವುದು, ಅದನ್ನೇ ಕರಗಿಸಿ ಬಲೆಯ ಮಣಿ ಎರಕ ಹೊಯ್ಯುವುದು ಕೆಲವು ಕಡೆ ನಡೆಯುತ್ತದೆ. ಇದು ಅತ್ಯಂತ ಅಪಾಯಕರ. ಆ ಹೊಗೆಯಿಂದ, ನೆಲಕ್ಕೆ ಬಿದ್ದ ಪುಡಿಯಿಂದ ಮನೆಮಂದಿಗೆಲ್ಲ ವಿಷವೇರುತ್ತದೆ.

ಒಂದು ವಸ್ತು ಸೀಸವೇ ಎಂದು ಗುರುತಿಸಲು ಕೆಲವು ಸುಲಭ ಲಕ್ಷಣಗಳಿವೆ. ಗಾತ್ರಕ್ಕೆ ಮೀರಿದ ಭಾರ. ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ತೂಗುತ್ತದೆ. ಬಣ್ಣ ಮಂಕಾದ ಬೂದು. ಕತ್ತರಿಸಿದರೆ ಒಳಗೆ ಹೊಳೆದು, ಸ್ವಲ್ಪ ಕಾಲದಲ್ಲಿ ಮತ್ತೆ ಮಂಕಾಗುತ್ತದೆ. ಉಗುರಿನಿಂದ ಒತ್ತಿ ಕೆರೆದರೆ ಗೀರು ಬೀಳುತ್ತದೆ. ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲಿನಂತೆ ಗೆರೆ ಮೂಡುತ್ತದೆ. ಅಯಸ್ಕಾಂತ ಅದನ್ನು ಎಳೆಯುವುದಿಲ್ಲ. ಪರೀಕ್ಷಿಸಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಮೇಲೆ ಬಣ್ಣ ಅಥವಾ ಮುಲಾಮು ಇರುವ ಒಡವೆಗಳಲ್ಲಿ ಈ ಗುರುತುಗಳು ಕಾಣದೆ ಇರಬಹುದು. ಅಲ್ಲಿ ಭಾರವೊಂದೇ ಸುಳಿವು.

ಲಕ್ಷಣಗಳು

ಸೀಸ ನುಂಗಿದ ಮಗು ಮೊದಲ ದಿನ ಆಡಿಕೊಂಡೇ ಇರಬಹುದು. ಕ್ರಮೇಣ ಹೊಟ್ಟೆ ಹಿಂಡಿದಂತೆ ನೋವು, ವಾಂತಿ, ಮಲಬದ್ಧತೆ, ಊಟ ಬೇಡವೆನ್ನುವುದು, ನಿದ್ದೆಗೇಡು, ಸಿಡುಕು ಕಾಣಿಸುತ್ತವೆ. ಮುಖ ಬಿಳಿಚಿಕೊಳ್ಳುತ್ತದೆ. ವಿಷ ಹೆಚ್ಚಾದರೆ ಮಂಕು, ತೂರಾಡುವ ನಡಿಗೆ, ಸೆಳವು, ಪ್ರಜ್ಞೆ ತಪ್ಪುವುದು. ಬಹುಕಾಲ ಸೀಸದ ಸಂಪರ್ಕದಲ್ಲಿರುವ ದೊಡ್ಡವರ ಒಸಡಿನ ಅಂಚಿನಲ್ಲಿ ನೀಲಿ ಗೆರೆ ಮೂಡುವುದುಂಟು; 1840ರಲ್ಲಿ ಇದನ್ನು ವರ್ಣಿಸಿದ ಇಂಗ್ಲೆಂಡಿನ ವೈದ್ಯ ಹೆನ್ರಿ ಬರ್ಟನ್ನರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಆದರೆ ಮಗು ಇದೀಗ ಗುಂಡು ನುಂಗಿರುವಾಗ ಈ ಗೆರೆಯನ್ನು ಹುಡುಕುತ್ತ ಕೂರಬಾರದು. ಲಕ್ಷಣಗಳು ತೋರುವವರೆಗೆ ಕಾಯುವುದೇ ತಪ್ಪು. ರಕ್ತದಲ್ಲಿ ಸೀಸ ಒಂದೆರಡು ದಿನಗಳಲ್ಲೇ ಬಹಳವಾಗಿ ಏರಬಲ್ಲದು.

ನುಂಗಿದ್ದು ತಿಳಿದ ಕೂಡಲೇ ಮಾಡಬೇಕಾದ್ದು

ಒಂದು: ಮಗುವಿಗೆ ಉಸಿರಾಡಲು ಕಷ್ಟವಾಗುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಆಗದಿದ್ದರೆ ವಸ್ತು ಗಂಟಲಲ್ಲೇ ಸಿಕ್ಕಿದೆ ಎಂದರ್ಥ. ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಸಾಗಿಸಬೇಕು. ವಾಹನವಿಲ್ಲದವರು 108ಕ್ಕೆ ಫೋನ್ ಮಾಡಬೇಕು.

ಎರಡು: ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಮೇಲೆ ಬರುವ ವಸ್ತು ಉಸಿರಿನ ದಾರಿಗೆ ಇಳಿಯಬಹುದು. ಹರಳೆಣ್ಣೆ ಕುಡಿಸುವುದು, ಬಾಳೆಹಣ್ಣು, ತುಪ್ಪದನ್ನ ತಿನ್ನಿಸುವುದು ಇವಾವುವೂ ಸೀಸ ಕರಗುವುದನ್ನು ನಿಲ್ಲಿಸುವುದಿಲ್ಲ. ಹೊಟ್ಟೆ ತುಂಬಿಸಿದರೆ ಅರಿವಳಿಕೆ ಕೊಟ್ಟು ಚೂರು ತೆಗೆಯುವ ಕೆಲಸ ತಡವಾಗುತ್ತದೆ.

ಮೂರು: ನುಂಗಿದ ವಸ್ತುವಿನಂಥದೇ ಇನ್ನೊಂದು ಮನೆಯಲ್ಲಿದ್ದರೆ ಅದನ್ನು ಜೊತೆಗೆ ಒಯ್ಯಬೇಕು. ಎಕ್ಸ್‌ರೇಯಲ್ಲಿ ಲೋಹ ಇದೆಯೆಂದು ಮಾತ್ರ ಕಾಣುತ್ತದೆ. ಅದು ಸೀಸವೋ, ಹಿತ್ತಾಳೆಯೋ, ಉಕ್ಕೋ ಎಂದು ಎಕ್ಸ್‌ರೇ ಹೇಳದು. ಅದನ್ನು ಹೇಳಬಲ್ಲವರು ನಾವೇ. "ಇದು ಬಲೆಯ ಸೀಸದ ಗುಂಡು" ಎಂಬ ನಮ್ಮ ಒಂದು ಮಾತು ಇಡೀ ಚಿಕಿತ್ಸೆಯ ದಾರಿಯನ್ನೇ ಬದಲಾಯಿಸುತ್ತದೆ.

ನಾಲ್ಕು: ನುಂಗಿದ್ದನ್ನು ಯಾರೂ ನೋಡಿಲ್ಲ, ಆದರೆ ಕಾರಣ ತಿಳಿಯದ ವಾಂತಿ ಹೊಟ್ಟೆನೋವು ಬಿಡುತ್ತಿಲ್ಲ ಎಂದಾದರೆ, ಮನೆಯಲ್ಲಿ ಇಂಥ ವಸ್ತುಗಳು ಇವೆಯೆಂದು ವೈದ್ಯರಿಗೆ ನಾವಾಗಿಯೇ ಹೇಳಬೇಕು. ಕೋವಿಯ ವಿಷಯವಲ್ಲವೇ, ಮೀನು ಹಿಡಿಯುವ ವಿಷಯವಲ್ಲವೇ ಎಂದು ಸಂಕೋಚಪಟ್ಟು ಮುಚ್ಚಿಡಬಾರದು. ಲೈನಿನಲ್ಲಿರುವ ಕೂಲಿಯವರು ಧಣಿಗಳು ಬೈದಾರು ಎಂದು ಹೆದರಿ ಸುಮ್ಮನಿರುವುದುಂಟು. ಆ ಹೆದರಿಕೆ ಬೇಡವೆಂದು ಅವರಿಗೆ ಮೊದಲೇ ತಿಳಿಸಿಡುವುದು ತೋಟದವರ ಕರ್ತವ್ಯ.

ಇನ್ನೊಂದು ವಸ್ತುವಿನ ಬಗ್ಗೆ ಇಲ್ಲಿಯೇ ಎಚ್ಚರಿಕೆ ಹೇಳಬೇಕು. ಕೈಗಡಿಯಾರ, ರಿಮೋಟ್, ಆಟಿಕೆಗಳಲ್ಲಿರುವ ಗುಂಡಿಯಾಕಾರದ ಚಪ್ಪಟೆ ಬ್ಯಾಟರಿಯಲ್ಲಿ ಅಪಾಯ ಸೀಸದಿಂದಲ್ಲ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಸುಟ್ಟ ಗಾಯ ಮಾಡುತ್ತದೆ. ಇದು ಸೀಸಕ್ಕಿಂತಲೂ ತುರ್ತಿನದು. ಒಂದು ವರ್ಷ ದಾಟಿದ, ನುಂಗಲು ಬರುತ್ತಿರುವ ಮಗುವಿಗೆ ಆಸ್ಪತ್ರೆಯ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದೆಂದು, ಒಟ್ಟು ಆರು ಸಲ ಮೀರಬಾರದೆಂದು ಈಗ ವೈದ್ಯರು ಹೇಳುತ್ತಾರೆ. ಆದರೆ ಜೇನು ಹುಡುಕುತ್ತ ಹೊರಡುವುದನ್ನು ತಡಮಾಡಬಾರದು. ಒಂದಕ್ಕಿಂತ ಹೆಚ್ಚು ಅಯಸ್ಕಾಂತದ ಚೂರು ನುಂಗಿದರೂ ಹಾಗೆಯೇ ಓಡಬೇಕು. ಅವು ಕರುಳಿನ ಎರಡು ಮಡಿಕೆಗಳನ್ನು ಹಿಡಿದು ತೂತು ಮಾಡುತ್ತವೆ.

ಆಸ್ಪತ್ರೆಯಲ್ಲಿ ನಡೆಯುವುದು

ಮೊದಲು ಗಂಟಲಿನಿಂದ ಕೆಳಹೊಟ್ಟೆಯವರೆಗೆ ಎಕ್ಸ್‌ರೇ ತೆಗೆಯುತ್ತಾರೆ. ಈ ಸೌಕರ್ಯ ತಾಲ್ಲೂಕು ಆಸ್ಪತ್ರೆಗಳಲ್ಲಿದೆ. ಚೂರು ಅನ್ನನಾಳದಲ್ಲಿ ಅಥವಾ ಜಠರದಲ್ಲಿದ್ದರೆ ಎಂಡೋಸ್ಕೋಪಿ ಮಾಡುತ್ತಾರೆ. ತುದಿಯಲ್ಲಿ ದೀಪವಿರುವ ಬಾಗುವ ನಳಿಕೆಯನ್ನು ಬಾಯಿಯ ಮೂಲಕ ಇಳಿಸಿ, ಸಣ್ಣ ಚಿಮಟ ಅಥವಾ ಬಲೆಯಿಂದ ಚೂರನ್ನು ಹಿಡಿದು ಮೇಲೆ ತರುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಮಂಗಳೂರು, ಮೈಸೂರುಗಳಲ್ಲದೆ ಶಿವಮೊಗ್ಗ, ಹಾಸನ, ಮಡಿಕೇರಿ, ಚಿಕ್ಕಮಗಳೂರುಗಳಲ್ಲೂ ಈಗ ವೈದ್ಯಕೀಯ ಕಾಲೇಜುಗಳಿರುವುದು ನಮ್ಮ ಸೀಮೆಗೆ ಅನುಕೂಲ. ಚೂರು ತೆಗೆಯುವುದು ತಡವಾಗುವಂತಿದ್ದರೆ ಜಠರದ ಆಮ್ಲ ತಗ್ಗಿಸುವ ಔಷಧವನ್ನು ಕೆಲವು ವೈದ್ಯರು ಕೊಡುತ್ತಾರೆ. ಹುಳಿ ಕಡಿಮೆಯಾದರೆ ಕರಗುವಿಕೆಯೂ ಕಡಿಮೆಯಾದೀತೆಂಬುದು ಅದರ ತರ್ಕ.

ಚೂರು ಕರುಳಿಗೆ ಇಳಿದಿದ್ದರೆ, ಅಥವಾ ಸಣ್ಣ ಗುಂಡುಗಳು ಹಲವಾರಿದ್ದರೆ, ಕರುಳನ್ನು ತೊಳೆಯುವ ಕ್ರಮವುಂಟು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ಕರಗಿಸಿ, ಮೂಗಿನ ಮೂಲಕ ಜಠರಕ್ಕಿಳಿಸಿದ ನಳಿಕೆಯಿಂದ ಗಂಟೆಗಟ್ಟಲೆ ಹರಿಸುತ್ತಾರೆ. ಚೂರುಗಳು ಹೊರಬಿದ್ದವೇ ಎಂದು ಮತ್ತೆ ಮತ್ತೆ ಎಕ್ಸ್‌ರೇ ತೆಗೆದು ನೋಡುತ್ತಾರೆ. ಕೆಲವೊಮ್ಮೆ ಒಂದೆರಡು ಗುಂಡುಗಳು ಕರುಳಿನ ಬಾಲದಲ್ಲಿ, ಅಂದರೆ ಅಪೆಂಡಿಕ್ಸಿನಲ್ಲಿ, ಕುಳಿತುಬಿಡುವುದೂ ಉಂಟು. "ಒಂದು ಗುಂಡು ಮಲದಲ್ಲಿ ಬಂತು" ಎಂದು ಮನೆಗೆ ಹೊರಡದೆ ಕೊನೆಯ ಎಕ್ಸ್‌ರೇ ಆಗುವವರೆಗೆ ಇರಬೇಕು.

ಇದರೊಂದಿಗೇ ರಕ್ತನಾಳದಿಂದ ರಕ್ತ ತೆಗೆದು ಸೀಸದ ಪ್ರಮಾಣ ಪರೀಕ್ಷಿಸುತ್ತಾರೆ. ಎಲ್ಲ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಮಾದರಿಯನ್ನು ದೂರದ ಊರಿಗೆ ಕಳುಹಿಸಬೇಕಾಗಬಹುದು. ಚೂರು ತೆಗೆಯಲು ಈ ವರದಿಗಾಗಿ ಕಾಯಬೇಕಾಗಿಲ್ಲ. ವಿಷದ ವಿಷಯದಲ್ಲಿ ವೈದ್ಯರಿಗೆ ಸಲಹೆ ಬೇಕಾದಾಗ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವಿಷ ಮಾಹಿತಿ ಕೇಂದ್ರವನ್ನು ಕೇಳಬಹುದು. ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಗಮನ ಸೆಳೆದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮುಖ್ಯರು. ಪೆಟ್ರೋಲಿಗೆ ಸೀಸ ಬೆರೆಸುವುದು 2000ದಲ್ಲಿ ನಮ್ಮ ದೇಶದಲ್ಲಿ ನಿಂತದ್ದರ ಹಿಂದೆ ಇಂಥವರ ಒತ್ತಾಯವೂ ಇತ್ತು.

ಸೀಸವನ್ನು ಹಿಡಿದು ಹೊರಹಾಕುವ ಔಷಧಗಳು

ರಕ್ತಕ್ಕೆ ಸೇರಿದ ಸೀಸವನ್ನು ಹೊರತರಲು ಬೇರೆ ಔಷಧಗಳು ಬೇಕು. ಇವುಗಳ ತತ್ವ ಬೆಳೆಗಾರರಿಗೆ ಹೊಸದಲ್ಲ. ಸತುವಿನ ಕೊರತೆಗೆ ನಾವು ಸಿಂಪಡಿಸುವ ಚಿಲೇಟೆಡ್ ಜಿಂಕ್ ಪೊಟ್ಟಣದ ಮೇಲೆ ಇಡಿಟಿಎ ಎಂಬ ಹೆಸರನ್ನು ನೋಡಿರುತ್ತೇವೆ. ಇಡಿಟಿಎ ಎಂಬುದು ಲೋಹದ ಕಣವನ್ನು ಏಡಿ ತನ್ನ ಕೊಂಡಿಯಲ್ಲಿ ಹಿಡಿದಂತೆ ಹಿಡಿದುಕೊಳ್ಳುವ ರಾಸಾಯನಿಕ. ಚಿಲೇಟ್ ಎಂಬ ಪದದ ಮೂಲವೇ ಏಡಿಯ ಕೊಂಡಿ ಎಂಬ ಅರ್ಥದ ಗ್ರೀಕ್ ಮಾತು. ಗೊಬ್ಬರದಲ್ಲಿ ಅದು ಸತುವನ್ನು ಮಣ್ಣಿನಲ್ಲಿ ಕಟ್ಟಿಹೋಗದಂತೆ ಹಿಡಿದು ಗಿಡಕ್ಕೆ ತಲುಪಿಸುತ್ತದೆ. ರಕ್ತದಲ್ಲಿ ಅದು ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಗೆ ಸಾಗಿಸುತ್ತದೆ. ತತ್ವ ಒಂದೇ ಆದರೂ ಗೊಬ್ಬರದ ಪುಡಿ ಗೊಬ್ಬರವೇ, ಅದು ಔಷಧವಲ್ಲ. ಅದನ್ನು ಯಾರೂ ಬಾಯಿಗೆ ಹಾಕಬಾರದು.

ಸೀಸದ ವಿಷಕ್ಕೆ ಬಳಸುವುದು ಕ್ಯಾಲ್ಸಿಯಂ ಸೇರಿದ ಇಡಿಟಿಎ ಮಾತ್ರ. 1950ರ ದಶಕದಿಂದ ಇದು ಬಳಕೆಯಲ್ಲಿದೆ. ಈ ಕೊಂಡಿ ತಾನು ಮೊದಲೇ ಹಿಡಿದಿರುವ ಸುಣ್ಣವನ್ನು ಬಿಟ್ಟು ಸೀಸವನ್ನು ಹಿಡಿಯುತ್ತದೆ. ಸುಣ್ಣವಿಲ್ಲದ, ಬರೀ ಸೋಡಿಯಂ ಇರುವ ಇಡಿಟಿಎ ಕೊಟ್ಟರೆ ಅದು ರಕ್ತದಲ್ಲಿರುವ ಸುಣ್ಣವನ್ನೇ ಹಿಡಿದುಕೊಳ್ಳುತ್ತದೆ, ಹೃದಯ ನಿಂತುಹೋಗಬಹುದು. 2005ರಲ್ಲಿ ಅಮೆರಿಕದಲ್ಲಿ ಹೀಗೆ ಸೋಡಿಯಂ ಇಡಿಟಿಎ ಕೊಟ್ಟು ಮಕ್ಕಳು ಸತ್ತ ಪ್ರಕರಣಗಳು ವರದಿಯಾದವು. ಆದುದರಿಂದ ಇದು ನುರಿತ ವೈದ್ಯರ ಕೈಯಲ್ಲಿ, ಆಸ್ಪತ್ರೆಯಲ್ಲಿ ಮಾತ್ರ ನಡೆಯಬೇಕಾದ ಚಿಕಿತ್ಸೆ.

ಇನ್ನೊಂದು ಚುಚ್ಚುಮದ್ದು ಡೈಮರ್ಕಾಪ್ರಾಲ್, ಅಥವಾ ಬಿಎಎಲ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟ್ ಎಂಬ ವಿಷಾನಿಲಕ್ಕೆ ಪ್ರತಿವಿಷವಾಗಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಕಂಡುಹಿಡಿದದ್ದು. ಕಡಲೆಕಾಯಿ ಎಣ್ಣೆಯಲ್ಲಿ ಬೆರೆಸಿರುವುದರಿಂದ ಕಡಲೆಕಾಯಿ ಒಗ್ಗದವರು ಮೊದಲೇ ಹೇಳಬೇಕು. ಬಾಯಿಯ ಮೂಲಕ ಕೊಡುವ ಸಕ್ಸಿಮರ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1991ರಲ್ಲಿ ಮಂಜೂರಾತಿ ದೊರೆಯಿತು. ಇದನ್ನು ಸಾಮಾನ್ಯವಾಗಿ 19 ದಿನಗಳ ಕಾಲ ಕೊಡುತ್ತಾರೆ. ಇದು ಸಿಗದ ಕಡೆ ಪೆನಿಸಿಲಮೀನ್ ಬಳಸುವುದುಂಟು. ಇವು ಊರಿನ ಔಷಧದಂಗಡಿಯಲ್ಲಿ ಸಿಗುವಂಥವಲ್ಲ.

ಔಷಧ ಯಾವಾಗ ಎಂಬುದಕ್ಕೂ ಕ್ರಮವಿದೆ. ಮಕ್ಕಳ ರಕ್ತದಲ್ಲಿ ಸೀಸ 45 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಔಷಧಗಳನ್ನು ಕೊಡುತ್ತಾರೆ. 70 ದಾಟಿದರೆ, ಅಥವಾ ಮಿದುಳಿಗೆ ತಗುಲಿದ ಚಿಹ್ನೆಗಳಿದ್ದರೆ, ಬಿಎಎಲ್ ಮತ್ತು ಕ್ಯಾಲ್ಸಿಯಂ ಇಡಿಟಿಎ ಎರಡನ್ನೂ ಒಟ್ಟಿಗೆ ಕೊಡುವುದು ಬಳಕೆಯಲ್ಲಿರುವ ಕ್ರಮ. ಬಿಎಎಲ್ ಮೊದಲು, ಕೆಲವು ಗಂಟೆಗಳ ನಂತರ ಇಡಿಟಿಎ. 45ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸೀಸದ ಮೂಲವನ್ನು ತೆಗೆದು, ಕಬ್ಬಿಣ ಮತ್ತು ಸುಣ್ಣದ ಅಂಶವುಳ್ಳ ಆಹಾರ ಕೊಟ್ಟು, ಮತ್ತೆ ರಕ್ತ ಪರೀಕ್ಷೆ ಮಾಡುತ್ತಾರೆ.

ಚೂರು ಹೊಟ್ಟೆಯಲ್ಲೇ ಇರುವಾಗ ಬರೀ ಔಷಧ ಕೊಡುತ್ತ ಹೋಗುವುದು ತೂಬು ಮುಚ್ಚದೆ ಗದ್ದೆಯ ನೀರು ಬಸಿಯಲು ಹೊರಟಂತೆ. ಬಾಯಿಯ ಔಷಧದಿಂದ ಕರುಳಿನಲ್ಲಿರುವ ಸೀಸ ಇನ್ನಷ್ಟು ರಕ್ತಕ್ಕೆ ಸೇರುವ ಭಯವೂ ಇದೆ. ಆದ್ದರಿಂದ ಮೊದಲು ಲೋಹ ಹೊರಗೆ, ಆಮೇಲೆ ಮದ್ದು. ಸೆಳವು, ಪ್ರಜ್ಞಾಹೀನತೆ ಇರುವ ಮಗುವಿನಲ್ಲಿ ಮಾತ್ರ ವೈದ್ಯರು ಕಾಯದೆ ಎರಡನ್ನೂ ಜೊತೆಜೊತೆಗೆ ಮಾಡುತ್ತಾರೆ.

ಔಷಧ ನಿಂತ ಮೇಲೆ ಮೂಳೆಯಲ್ಲಿದ್ದ ಸೀಸ ಮತ್ತೆ ರಕ್ತಕ್ಕೆ ಇಳಿದು ಅಂಕಿ ಏರುವುದುಂಟು. ಆದುದರಿಂದ ಕೆಲವು ವಾರಗಳ ನಂತರ ಕರೆದ ದಿನಕ್ಕೆ ತಪ್ಪದೆ ಹೋಗಿ ಮರುಪರೀಕ್ಷೆ ಮಾಡಿಸಬೇಕು. ಕೊಯ್ಲಿನ ಗಡಿಬಿಡಿಯಲ್ಲಿ ಇದನ್ನು ಮುಂದೂಡಬಾರದು.

ಔಷಧದ ಮಿತಿ

ಈ ಔಷಧಗಳು ಪ್ರಾಣ ಉಳಿಸುತ್ತವೆ. ಆದರೆ ಮಿದುಳಿಗೆ ಆದ ಹಾನಿಯನ್ನು ಅವು ಸರಿಪಡಿಸುತ್ತವೆ ಎನ್ನುವಂತಿಲ್ಲ. ಅಮೆರಿಕದಲ್ಲಿ ರಕ್ತದ ಸೀಸ 20ರಿಂದ 44ರವರೆಗೆ ಇದ್ದ 780 ಸಣ್ಣ ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಸಕ್ಸಿಮರ್, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ ಕೊಟ್ಟು ನೋಡಿದರು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧ ಪಡೆದವರ ರಕ್ತದ ಸೀಸವೇನೋ ಇಳಿದಿತ್ತು, ಆದರೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅವರು ಉಳಿದವರಿಗಿಂತ ಮುಂದೆ ಇರಲಿಲ್ಲ. ಕೊಳೆ ಬಂದ ಮೇಲೆ ಸಿಂಪಡಿಸಿದ ಬೋರ್ಡೋ ದ್ರಾವಣ ಉದುರಿದ ಅಡಿಕೆಯನ್ನು ಮತ್ತೆ ಗೊನೆಗೆ ತರಲಾರದು. ಹಾಗೆಯೇ ಇದೂ.

ದನಕರುಗಳ ವಿಷಯ

ಕೊಟ್ಟಿಗೆಯ ಹಿಂದೆ ಎಸೆದ ಒಡೆದ ಬ್ಯಾಟರಿಯ ಫಲಕವನ್ನು ದನಗಳು ಇಷ್ಟಪಟ್ಟು ನೆಕ್ಕುತ್ತವೆ, ಚೂರುಗಳನ್ನು ನುಂಗುತ್ತವೆ. ಭಾರವಾದ ಚೂರು ಅವುಗಳ ಎರಡನೆಯ ಹೊಟ್ಟೆಯಲ್ಲಿ ತಂಗಿ ನಿಧಾನವಾಗಿ ಕರಗುತ್ತದೆ. ಹಲ್ಲು ಕಡಿಯುವುದು, ಕಣ್ಣು ಕಾಣದೆ ಗೋಡೆಗೆ ಹಾಯುವುದು, ಸುತ್ತು ತಿರುಗುವುದು, ಸೆಳವು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು, ಬ್ಯಾಟರಿಯ ಸಂಗತಿಯನ್ನು ತಿಳಿಸಬೇಕು. ಅಂಥ ಹಸುವಿನ ಹಾಲಿನಲ್ಲೂ ಸೀಸ ಸೇರುವುದರಿಂದ ವೈದ್ಯರು ಹೇಳುವವರೆಗೆ ಹಾಲನ್ನು ಬಳಸಲೂಬಾರದು, ಡೇರಿಗೆ ಹಾಕಲೂಬಾರದು.

ಸದಸ್ಯರಲ್ಲಿ ವಿನಂತಿ

ಈ ಲೇಖನ ಓದಿದ ಸದಸ್ಯರು ಈ ವಾರದೊಳಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಮನೆ, ಉಗ್ರಾಣ, ಶೆಡ್ಡು, ಲೈನುಗಳನ್ನು ಒಮ್ಮೆ ನೋಡಿಬರಬೇಕೆಂದು ಕೋರುತ್ತೇವೆ. ಬಲೆ ಮತ್ತು ಗಾಳಗಳನ್ನು ಮಕ್ಕಳ ಕೈಗೆಟುಕದ ಅಟ್ಟಕ್ಕೆ ಸೇರಿಸಬೇಕು. ಏರ್‌ಗನ್ನಿನ ಗುಂಡಿನ ಡಬ್ಬಿ ಮತ್ತು ತೋಟೆಗಳಿಗೆ ಬೀಗ ಹಾಕಬೇಕು. ಗುಂಡು, ತಂತಿಯ ಚೂರುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡುವ ಅಭ್ಯಾಸವಿದ್ದರೆ ದೊಡ್ಡವರು ಮೊದಲು ಬಿಡಬೇಕು, ಏಕೆಂದರೆ ಮಕ್ಕಳು ನೋಡಿ ಕಲಿಯುವುದು ಅದನ್ನೇ. ಕೆಟ್ಟ ಬ್ಯಾಟರಿಯನ್ನು ಮನೆಯಲ್ಲಿ ಒಡೆಯದೆ, ಹೊಸದನ್ನು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಉದ್ದೇಶವೂ ಹಳೆಯ ಬ್ಯಾಟರಿ ಹೀಗೆ ತಯಾರಕರಿಗೇ ಮರಳಬೇಕೆಂಬುದು.

ಓದು ಬಾರದ ಕಾರ್ಮಿಕ ಬಂಧುಗಳಿಗೆ ಇದರ ಸಾರಾಂಶವನ್ನು ಸಂಬಳದ ದಿನ ನಾಲ್ಕು ಮಾತಿನಲ್ಲಿ ತಿಳಿಸಬೇಕು. ಮಗು ಲೋಹ ನುಂಗಿದೆಯೆಂದು ಅನುಮಾನ ಬಂದರೆ ರಾತ್ರಿಯಾದರೂ ಬಂದು ಹೇಳಲಿ, ತೋಟದ ಜೀಪು ಆ ಕೆಲಸಕ್ಕೆ ಯಾವ ಹೊತ್ತಿಗೂ ಸಿಗುತ್ತದೆ ಎಂಬ ಭರವಸೆಯನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ಲೈನಿನವರಿಗೆ ಕೊಡಬೇಕೆಂದು ಪ್ರಾರ್ಥಿಸುತ್ತೇವೆ.